ಒಂಬತ್ತನೇ ರಾಶಿ

ಜನವರಿ 5, 2004. ಬೈಲಹೊಂಗಲ

ಮಿಲ್‌ನಲ್ಲಿ ಮತ್ತೆ ಕರೆಂಟ್ ಇಲ್ಲ. ಯುಪಿಎಸ್ ಕೂಗಿ ಕೂಗಿ ಸುಮ್ಮನಾಯಿತು. ಹನ್ನೊಂದಕ್ಕೆ ಅಪ್ಪನ ಚೀಟಿ ಬಂತು — ಹನ್ನೆರಡು ರಾಶಿ ಹತ್ತಿಕಾಳು, ಹನ್ನೆರಡು ಸಂಖ್ಯೆ. ರಾಶಿಯ ಮೇಲೆ ಹತ್ತಿ, ಥರ್ಮಾಮೀಟರ್ ಕಟ್ಟಿದ ಸರಳು ಚುಚ್ಚಿ, ಶಾಖ ಬರೆಯುವುದು ಅಪ್ಪನ ಕೆಲಸ. ಟೈಪ್ ಮಾಡುವುದು ನನ್ನದು. ಹಸಿ ಕಾಳು ತನ್ನಷ್ಟಕ್ಕೆ ಕಾದು ಬಿಸಿಯಾಗುತ್ತದೆ. ಒಳಗೆ ಸುಟ್ಟು ಟೊಳ್ಳಾದರೂ ಮೇಲೆ ಗೊತ್ತಾಗುವುದಿಲ್ಲ. ಹಿಂದೊಮ್ಮೆ ಬೇರೆ ಮಿಲ್‌ನಲ್ಲಿ ಹಾಗೆ ಹತ್ತಿದವನೊಬ್ಬ ಸೊಂಟದವರೆಗೆ ಕುಸಿದನಂತೆ. ಅಪ್ಪ ಅದರ ಮುಂದಿನದನ್ನು ಎಂದೂ ಹೇಳಿಲ್ಲ.

ಶಾಖ ನೋಡಿ ಅಪಾಯ ಇದೆಯೋ ಇಲ್ಲವೋ ಹೇಳುವ ಪ್ರೋಗ್ರಾಂ ನಾನೇ ಬರೆದದ್ದು, ಹ್ಯಾಸ್ಕೆಲ್‌ನಲ್ಲಿ. ಎಂಸಿಎ ಓದುವಾಗ ಹತ್ತಿದ ಈ ಕಂಪ್ಯೂಟರ್ ಭಾಷೆಯ ಹುಚ್ಚು. ಎಲ್ಲರೂ ಬರೆಯುವುದನ್ನು ಬಿಟ್ಟು ಇದೇನು ಎಂದು ಮಾಲೀಕರು, ಅಂದಾನೆಪ್ಪ ಸಾವಕಾರರು, ನಕ್ಕರು. ನಗಲಿ. ಇದರ ಫಂಕ್ಷನ್ನುಗಳು, ಅಂದರೆ ಲೆಕ್ಕದ ತುಣುಕುಗಳು, ಬಲು ಮಡಿ. ಹೊರಗಿನದೇನನ್ನೂ ಮುಟ್ಟುವುದಿಲ್ಲ, ಅದೇ ಸಂಖ್ಯೆ ಕೊಟ್ಟರೆ ಯಾವತ್ತೂ ಅದೇ ಉತ್ತರ. ಜೊತೆಗೆ ಸೋಮಾರಿ — ಯಾರಾದರೂ ಕೇಳುವ ತನಕ ಲೆಕ್ಕಕ್ಕೇ ಕೈ ಹಾಕುವುದಿಲ್ಲ. ಥೇಟ್ ನಾನೇ.

ಜನವರಿ 9

ಜನವರಿಯಲ್ಲಿ ಮಳೆ! ಗೋದಾಮಿನ ತಗಡು ಸೋರಿದೆ, ಸರಿಯಾಗಿ ಒಂಬತ್ತನೇ ರಾಶಿಯ ಮೇಲೆ. ಅಪ್ಪನ ಮೊಣಕಾಲು ಊದಿದೆ. ಸಂಗೊಳ್ಳಿಯಿಂದ ಸೀತವ್ವ ಅತ್ತೆ ಬಂದು ಎಣ್ಣೆ ತಿಕ್ಕಿದಳು.

ಜನವರಿ 14

ಒಂಬತ್ತು: 34 ಡಿಗ್ರಿ. ನಿನ್ನೆಯೂ 34, ಮೊನ್ನೆಯೂ. ಪರದೆ ಮೇಲೆ ‘ಚಿಂತೆ ಇಲ್ಲ’.

ಜನವರಿ 16

ರಾಮದುರ್ಗದ ಗಿರಾಕಿ ಬಂದಿದ್ದ. ಒಂದನೇ ರಾಶಿಯ ವರದಿಯಷ್ಟೇ ಬೇಕೆಂದರು ಸಾವಕಾರರು. ಗುಂಡಿ ಒತ್ತಿದೆ, ಬಂತು. ಆಮೇಲೆ ನೋಡುತ್ತೇನೆ — ಅಪ್ಪನ ಚೀಟಿಯಲ್ಲಿ ಒಂಬತ್ತರ ಮುಂದೆ ಸಂಖ್ಯೆಯೇ ಇಲ್ಲ, ನಾನೂ ಖಾಲಿ ಬಿಟ್ಟಿದ್ದೇನೆ. ಬೇರೆ ಭಾಷೆಯಾದರೆ ಅಲ್ಲೇ ತಕರಾರು ತೆಗೆಯುತ್ತಿತ್ತು. ಇದು ಒಂಬತ್ತರ ಕಡೆ ತಿರುಗಿಯೂ ನೋಡಿಲ್ಲ. ಯಾರೂ ಕೇಳಿರಲಿಲ್ಲವಲ್ಲ.

ಅಪ್ಪನ ಹತ್ತಿರ ಹೋದೆ. ಕುಳಿತಲ್ಲಿಂದಲೇ ಮೂವತ್ನಾಲ್ಕು ಹಾಕು ಅಂದ. ಏಳಲಿಲ್ಲ. ಸರಳು ಆಫೀಸಿನ ಮೂಲೆಯಲ್ಲಿತ್ತು, ಅದರ ತುಂಬ ಜೇಡರ ಬಲೆ.

34 ಹಾಕಿದೆ.

ಜನವರಿ 17

ರಾಶಿ ಹತ್ತಿದೆಯಾ ಎಂದು ನೇರವಾಗಿ ಕೇಳಿದರೆ ಅಪ್ಪ ಸುಳ್ಳು ಹೇಳುವುದಿಲ್ಲ. ಅದೇ ಕಷ್ಟ. ಹೇಳಿದ ಮೇಲೆ ಸಾವಕಾರರಿಗೆ ತಿಳಿಸಲೇಬೇಕು. ಕಾಲು ಹೋದವನನ್ನು ಯಾರು ಇಟ್ಟುಕೊಳ್ಳುತ್ತಾರೆ? ಮೂವತ್ತು ವರ್ಷ ಆ ಗೋದಾಮೇ ಅವನ ಮನೆ.

ನಾಳೆ ಕೇಳುತ್ತೇನೆ.

ಜನವರಿ 23

ಆರು ದಿನ ನಾಳೆ ನಾಳೆ ಅಂದೆ. ಆರು ದಿನವೂ 34. ಗೋದಾಮಿನ ಬಾಗಿಲಲ್ಲಿ ಕಮಟು ವಾಸನೆ. ಒಂಬತ್ತರ ಮೇಲಿನ ತೊಲೆಯಿಂದ ಪಾರಿವಾಳಗಳು ಎದ್ದುಹೋಗಿವೆ. ಹೆದರಿಕೆಯಾಗುತ್ತಿದೆ. ‘ಚಿಂತೆ ಇಲ್ಲ’ — ಆ ಮಾತು ಕಂಪ್ಯೂಟರಿನದಲ್ಲ, ಅದಕ್ಕೆ ಕಲಿಸಿದವಳು ನಾನು.

ಜನವರಿ 24, ಮಧ್ಯಾಹ್ನ 2:10

ಆಫೀಸಿನಲ್ಲಿ ಬುತ್ತಿ ಬಿಚ್ಚಿದಾಗ ಕೇಳಿಬಿಟ್ಟೆ, ಒಂಬತ್ತನೆಯದನ್ನು ಕಡೆಯ ಸಲ ಹತ್ತಿದ್ದು ಯಾವಾಗ ಎಂದು. ಅಪ್ಪ ರೊಟ್ಟಿ ಕೆಳಗಿಟ್ಟ.

“ಮಳಿಗಿಂತ ಮೊದಲವಾ. ಕಾಲು ಮಡಚಾಕ ಬರವಲ್ದು.”

“ಮತ್ತ ನನಗ ಯಾಕ ಹೇಳಲಿಲ್ಲಪ್ಪಾ?”

“ನೀ ಕೇಳಿದ್ರ ಹೇಳತಿದ್ನಿ ರೇಣು. ಇವತ್ತ ಕೇಳ್ತಾಳ, ನಾಳೆ ಕೇಳ್ತಾಳ ಅಂತ ದಿನಾ ಕಾದ್ನಿ.”

ಸಾವಕಾರರಿಗೆ ಫೋನ್ ಮಾಡುತ್ತೇನೆಂದೆ. ಖರೆ ಶಾಖ ಎಷ್ಟಿದೆ ಅಂತ ಅವರು ಕೇಳಿದರೆ ಏನು ಹೇಳುತ್ತೀ ಅಂದ ಅಪ್ಪ. ಕೈ ತೊಳೆಯಲು ಹೊರಗೆ ಹೋದ.

2:25

ಸಾವಕಾರರು ಸವದತ್ತಿಯಲ್ಲಿ. ಮೂರು ಸಲ ಫೋನ್ ಹಚ್ಚಿದೆ, ಎಂಗೇಜ್. ಮತ್ತೆ ಹಚ್ಚುವ ತನಕ ಬರೆಯುತ್ತಿದ್ದೇನೆ. ಕಾಳು ಹುರಿದ ವಾಸನೆ ಇಲ್ಲಿಗೂ ಬರುತ್ತಿದೆ. ಅಪ್ಪನ ಅರ್ಧ ರೊಟ್ಟಿ ಹಾಗೇ ಇದೆ. ಕೈ ತೊಳೆಯಲು ಇಷ್ಟು ಹೊತ್ತೆ...

ಮೂಲೆಯಲ್ಲಿ ಸರಳು ಇಲ್ಲ. ಕಿಟಕಿಯಿಂದ ಕಾಣುತ್ತಿದೆ, ಗೋದಾಮಿನ ಬಾಗಿಲು ತೆರೆದಿದೆ. ಅಪ್ಪ ಒಂಬತ್ತರ ಮೇಲೆ ಹತ್ತುತ್ತಿ—