ಮೊದಲು ಎದುರು ಪಕ್ಷ

ಮೇಷ್ಟ್ರೇ,

ನೀವು ಸತ್ತ ಮೇಲೂ ನಿಮ್ಮ ಪದ್ಧತಿಯನ್ನು ನಾನು ಬಿಟ್ಟಿಲ್ಲ. ಮೊದಲು ನಾವು ಒಪ್ಪದ ಪಕ್ಷವನ್ನು ವಾದಿಸಬೇಕು, ಆಮೇಲೆ ನಮ್ಮ ಮಾತು. ದೊಡ್ಡ ಕಾಲೇಜಿನ ದೊಡ್ಡತನ ಕಟ್ಟಡದಲ್ಲಿಲ್ಲ, ಈ ಕಷ್ಟದಲ್ಲಿದೆ ಎನ್ನುತ್ತಿದ್ದಿರಿ. ನನಗೆ ಯೋಚಿಸಲು ಕಲಿಸಿದ್ದು ಆ ಕಷ್ಟವೇ.

ನಾಚಿಕೆಗೆಟ್ಟ ನಮ್ಮ ಕಾಲೇಜು ಕಸ ಗುಡಿಸುವ ಹೆಂಗಸರನ್ನು ಕೆಲಸದಿಂದ ಕಿತ್ತುಹಾಕಿದೆ. ಅವರು ಗೇಟಿನ ಮುಂದೆ ಧರಣಿ ಕೂತಿದ್ದಾರೆ. ಇವತ್ತು ನಾನು ಪಾಠ ಮಾಡುವ ತರಗತಿಯಲ್ಲಿ ಅದೇ ವಿಷಯ. ಹಿಂದಿನ ಬೆಂಚಿನ ಹುಡುಗಿ, ತಾನು ಹೆಂಗಸರ ಪರ ಎಂದಳು. ಹಾಗಾದರೆ ಮೊದಲು ಆಡಳಿತದ ಪರ ಮಾತಾಡು ಎಂದೆ. ನನ್ನ ಮುಖವನ್ನೇ ನೋಡುತ್ತಾ ಎದ್ದಳು. ಎಂಥ ವಾದ ಮೇಷ್ಟ್ರೇ! ತರಗತಿ ಚಪ್ಪಾಳೆ ತಟ್ಟಿತು. ನಾನೂ ತಟ್ಟಿದೆ.

"ಏ ವಕೀಲಮ್ಮ, ಪ್ರಿನ್ಸಿಪಾಲರ ಕುರ್ಚಿ ಇನ್ನು ನಿಂದೇ ಬಿಡು," ಎಂದು ಒಬ್ಬ ಕಿಚಾಯಿಸಿದ.

"ಈಗ ನಿನ್ನ ಪಕ್ಷ ಹೇಳಮ್ಮ," ಎಂದೆ.

"ನನ್ನ ಪಕ್ಷ ಗೇಟ್ ಹತ್ರ ಕೂತಿದೆ ಮೇಡಂ. ನಮ್ಮಮ್ಮ. ಈಗ ನಾನು ಆಡಿದ್ದನ್ನ ಅವಳು ಕೇಳಿಸ್ಕೊಂಡಿದ್ರೆ ಏನು ಹೇಳ್ಲಿ? ಇದು ಪಾಠ ಅಂತಾನಾ?"

ಚೀಲ ಎತ್ತಿಕೊಂಡು ಹೊರಟೇಬಿಟ್ಟಳು. ಅವಳ ಹಿಂದೆ ಮೊದಲು ಎದ್ದವನು ಆ ಕಿಚಾಯಿಸಿದವನೇ. ಆಮೇಲೆ ಇಡೀ ತರಗತಿ.

ಕಿಟಕಿಯಿಂದ ನೋಡಿದೆ. ಎರಡೂ ಪಕ್ಷ ಕೇಳಿದ ಮಕ್ಕಳು ಒಂದನ್ನು ಆರಿಸಿಕೊಂಡು, ಆ ಹೆಂಗಸರ ಪಕ್ಕ ನೆಲದ ಮೇಲೆ ಕೂತಿದ್ದರು. ನಿಮ್ಮ ಪದ್ಧತಿ ಸೋತಿಲ್ಲ ಮೇಷ್ಟ್ರೇ. ನೀವಿದ್ದಿದ್ದರೆ ಅವರಿಗಿಂತ ಮುಂಚೆ ಅಲ್ಲಿರುತ್ತಿದ್ದಿರಿ.

ಗಂಟೆ ಹೊಡೆಯುವವರೆಗೂ ನಾನು ಖಾಲಿ ಬೆಂಚುಗಳ ಮುಂದೆ ನಿಂತಿದ್ದೆ.