ಪಾಂಡುವಿಗೆ ಏಕಾದಶಿ ಇಲ್ಲ

ಅಪ್ಪ,

ಏಕಾದಶಿ ನಿಮಗೆ, ಪಾಂಡುವಿಗಲ್ಲ. ಅವನು ನಾಯಿ. ಹೋದ ಸಲ ನೀವು ಉಪವಾಸ ಕೂತಿರಿ ಅಂತ ಅವನೂ ಇಡ್ಲಿ ಮೂಸಿ ಬಿಟ್ಟ, ಒಳಗಿದ್ದ ಫಿಟ್ಸ್ ಮಾತ್ರೆ ಹಾಗೇ ಉಳೀತು, ಸಂಜೆ ಮಂಚದ ಕೆಳಗೆ ಬಿದ್ದು ಒದ್ದಾಡಿದ.

ನೀವು ತಿನ್ನದೆ ಅವನು ತಿನ್ನಲ್ಲ. ಅದಕ್ಕೇ ಇವತ್ತು ಬಾಳೆಹಣ್ಣು ಇಟ್ಟಿದ್ದೀನಿ. ಹಣ್ಣು ತಿಂದರೆ ವ್ರತ ಕೆಡಲ್ಲ ಅಂತ ಪಕ್ಕದ ಮನೆ ಗಂಗುಬಾಯಿಗೆ ನೀವೇ ಹೇಳಿದ್ದು ನನ್ನ ಕಿವಿಗೆ ಬಿದ್ದಿದೆ. ಮೊದಲು ಅರ್ಧ ನೀವು ತಿನ್ನಿ, ಮಾತ್ರೆ ಹುದುಗಿಸಿದ ಅರ್ಧ ಅವನಿಗೆ.

ನಿಮ್ಮ ಬಿಪಿ ಮಾತ್ರೆಯೂ ಅದೇ ತಟ್ಟೆಯಲ್ಲಿದೆ. ಏಕಾದಶಿ ದಿನ ನೀವು ಅದನ್ನ ನುಂಗಲ್ಲ ಅಂತ ನನಗೆ ಗೊತ್ತು. ನಾನು ಲೋಕಲ್ ರೈಲು ಹಿಡಿದು ವಿ.ಟಿ.ಗೆ ಕೆಲಸಕ್ಕೆ ಹೋಗಿರ್ತೀನಿ, ನೋಡೋಕಾಗಲ್ಲ.

ಪಾಂಡು ನೋಡ್ತಿರ್ತಾನೆ.

ಶಾಮಲಾ