ಅಂಟಿಕೊಂಡಿದ್ದ ಹಾಳೆಗಳು

ಅಪ್ಪಾ,

ಇವತ್ತು ನಿನ್ನ ಕೋಣೆ ಗುಡಿಸುವಾಗ ಆ ತತ್ವಶಾಸ್ತ್ರದ ಪುಸ್ತಕ ಸಿಕ್ಕಿತು. ಕಣ್ಣು ಮಂಜಾದ ಮೇಲೆ ನನ್ನಿಂದ ಓದಿಸುತ್ತಿದ್ದೆಯಲ್ಲ, ಅದೇ. ಇರುವಿಕೆ, ಇಲ್ಲದಿರುವಿಕೆ, ಎರಡನ್ನೂ ಮೀರಿದ್ದು... ನನಗೆ ತಲೆಬುಡ ತಿಳಿಯುತ್ತಿರಲಿಲ್ಲ. ನೀನು ಮಾತ್ರ ಕಣ್ಣು ಮುಚ್ಚಿ, "ಹೂಂ, ಮುಂದೆ ಓದು ಪುಟ್ಟಿ" ಅನ್ನುತ್ತಿದ್ದೆ. ಅಪ್ಪನಿಗೆ ನೀರು ಕುಡಿದಷ್ಟು ಸುಲಭ, ನನ್ನ ತಲೆಯಲ್ಲಿರುವುದು ಬರೀ ಮಣ್ಣು ಅಂದುಕೊಂಡು, ಕೇಳಲು ನಾಚಿ, ಓದುತ್ತಲೇ ಹೋದೆ.

ಇವತ್ತು ನೋಡಿದರೆ ನಡುವಿನ ಎರಡು ಹಾಳೆ ಒಂದಕ್ಕೊಂದು ಅಂಟಿಕೊಂಡಿವೆ. ನಿನ್ನ ಕೆಮ್ಮಿನ ಔಷಧಿ ಚೆಲ್ಲಿದ ಗುರುತು. ಅಂದರೆ ಅರ್ಧ ವಾಕ್ಯಕ್ಕೆ ಎರಡು ಪುಟ ಆಚೆಗಿನ ಬಾಲ ಸೇರಿಸಿ ಓದಿದ್ದೆ. ಆ ಸಾಲು ನನಗೆ ಚೆನ್ನಾಗಿ ನೆನಪಿದೆ. ನೀನು ಅಲ್ಲೇ ತಡೆದು, "ಇದನ್ನ ಇನ್ನೊಂದ್ಸಲ ಓದು, ಎಷ್ಟು ಚೆನ್ನಾಗಿ ಹೇಳಿದಾನೆ" ಅಂದಿದ್ದೆ.

ನೆಲದ ಮೇಲೆ ಕೂತು ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ, ಕಳ್ಳ ಅಪ್ಪ.

ಆಮೇಲೆ ಹಾಳೆಗಳನ್ನು ಮೆಲ್ಲಗೆ ಬಿಡಿಸಿ, ಬಿಟ್ಟುಹೋಗಿದ್ದನ್ನು ನಿನ್ನ ಕುರ್ಚಿಯ ಕಡೆ ತಿರುಗಿ ಗಟ್ಟಿಯಾಗಿ ಓದಿದೆ. ಅದೂ ಅರ್ಥವಾಗಲಿಲ್ಲ. ಓದಿ ಮುಗಿಸಿ ಸ್ವಲ್ಪ ಹೊತ್ತು ಕಾದೆ. ನಿನ್ನ "ಹೂಂ" ಇಲ್ಲದೆ ಮುಂದಿನ ಪುಟ ತಿರುಗಿಸಲು ಕೈ ಬರಲಿಲ್ಲ.